ಕಣಕಕ್ಕೆ ತಕ್ಕ ಹೂರಣ: ಮನೆಯಲ್ಲಿ ಬೇಳೆ ಹೋಳಿಗೆ ಮಾಡುವ ಕ್ರಮ

ಹೊಸದಾಗಿ ಹೋಳಿಗೆಗೆ ಕೈಹಾಕಿದವರಿಗೆ ಅದು ಕೆಡುವುದು ಹೆಚ್ಚಾಗಿ ಎರಡು ಬಗೆಯಲ್ಲಿ. ತಟ್ಟುತ್ತಿರುವಾಗಲೇ ಕಣಕ ಹರಿದು, ಹೂರಣ ಹೊರಗೆ ಬಂದು, ಕಾವಲಿಗೆ ಅಂಟಿ ಕರಕಲಾಗುವುದು ಒಂದು ಬಗೆ. ಹೂರಣವೆಲ್ಲ ನಡುವೆ ಗುಡ್ಡೆಯಾಗಿ ಉಳಿದು, ಅಂಚಿನ ಸುತ್ತ ಎರಡು ಬೆರಳು ಅಗಲ ಬರಿಯ ಹಿಟ್ಟೇ ಬಾಯಿಗೆ ಸಿಗುವುದು ಇನ್ನೊಂದು. ನೋಡಲು ಇವು ಬೇರೆ ಬೇರೆ ತಪ್ಪುಗಳು, ಆದರೆ ಮೂಲ ಒಂದೇ. ಕಣಕ ಗಟ್ಟಿಯಾಗಿದ್ದು ಹೂರಣ ಸಡಿಲವಾಗಿದ್ದರೆ ಅಂಗೈಯ ಒತ್ತಡಕ್ಕೆ ಹೂರಣ ಮೊದಲು ಹರಡಿ ಕಣಕವನ್ನು ಒಡೆದುಕೊಂಡು ಹೊರಬರುತ್ತದೆ. ಹೂರಣ ಗಟ್ಟಿಯಾಗಿದ್ದು ಕಣಕ ಸಡಿಲವಾಗಿದ್ದರೆ ಕಣಕ ಮಾತ್ರ ಹರಡುತ್ತದೆ, ಹೂರಣ ಇದ್ದಲ್ಲೇ ಇರುತ್ತದೆ. ಎರಡೂ ಒಂದೇ ಮೆದುತನದಲ್ಲಿದ್ದಾಗ ಒಂದೇ ವೇಗದಲ್ಲಿ ಹರಡಿ, ಅಂಚಿನವರೆಗೂ ಹೂರಣ ತಲುಪುತ್ತದೆ. ಆದ್ದರಿಂದ ಮುಂದೆ ಬರುವ ಅಳತೆ, ಸಮಯಗಳನ್ನೆಲ್ಲ ಈ ಒಂದು ಗುರಿಯ ಕಡೆಗಿನ ದಾರಿ ಎಂದು ತಿಳಿದುಕೊಳ್ಳುವುದು ಒಳ್ಳೆಯದು.

ಹಳೆಯ ಮೈಸೂರು ಭಾಗದಲ್ಲಿ ಒಬ್ಬಟ್ಟು, ಉತ್ತರ ಕರ್ನಾಟಕದಲ್ಲಿ ಹೋಳಿಗೆ, ಮಹಾರಾಷ್ಟ್ರದಲ್ಲಿ ಪೂರಣ ಪೋಳಿ, ತೆಲುಗರಲ್ಲಿ ಬೊಬ್ಬಟ್ಲು ಎಂದು ಕರೆಸಿಕೊಳ್ಳುವ ಈ ತಿಂಡಿಯಲ್ಲಿ ಹೆಸರಿನಷ್ಟೇ ಮಾಡುವ ರೀತಿಯೂ ಬದಲಾಗುತ್ತದೆ. ಬೆಂಗಳೂರು, ಮೈಸೂರು, ಮಂಡ್ಯಗಳ ಕಡೆ ತೊಗರಿ ಬೇಳೆಯ ಹೂರಣವನ್ನು ಮೈದಾ ಕಣಕದಲ್ಲಿ ತುಂಬಿ ಎಣ್ಣೆ ಸವರಿದ ಎಲೆಯ ಮೇಲೆ ಕೈಯಿಂದ ತಟ್ಟುವುದು ರೂಢಿ; ಧಾರವಾಡ, ವಿಜಯಪುರಗಳ ಕಡೆ ಕಡಲೆ ಬೇಳೆಯ ಹೂರಣವನ್ನು ಗೋಧಿ ಹಿಟ್ಟಿನಲ್ಲಿ ತುಂಬಿ ಲಟ್ಟಣಿಗೆಯಿಂದ ತೆಳ್ಳಗೆ ಲಟ್ಟಿಸುತ್ತಾರೆ. ಇಲ್ಲಿ ವಿವರಿಸಿರುವುದು ಮೊದಲನೆಯ ಕ್ರಮ. ಹೊಸಬರಿಗೆ ಇದೇ ಸುಲಭವೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಕೈಯಿಂದ ತಟ್ಟುವಾಗ ಕಣಕ ಎಲ್ಲಿ ತೆಳುವಾಗುತ್ತಿದೆ ಎಂಬುದು ಬೆರಳಿಗೆ ತಕ್ಷಣ ತಿಳಿಯುತ್ತದೆ. ಲಟ್ಟಣಿಗೆ ಅಷ್ಟು ಬೇಗ ಸುಳಿವು ಕೊಡುವುದಿಲ್ಲ.

ಹದಿನೈದು ಹದಿನಾರು ಹೋಳಿಗೆಗೆ 250 ಗ್ರಾಂ ತೊಗರಿ ಬೇಳೆ, ಅಷ್ಟೇ ತೂಕದ ಬೆಲ್ಲ, ಒಂದು ಹಿಡಿ ತುಂಬಾ ಹಸಿ ತೆಂಗಿನಕಾಯಿ ತುರಿ, ಆರು ಏಲಕ್ಕಿ ಮತ್ತು ಒಂದು ಚಿಟಿಕೆ ಉಪ್ಪು ಹೂರಣಕ್ಕೆ ಬೇಕು. ಕಣಕಕ್ಕೆ 150 ಗ್ರಾಂ ಮೈದಾ, 50 ಗ್ರಾಂ ಚಿರೋಟಿ ರವೆ, ಕಾಲು ಚಮಚ ಅರಿಶಿನ, ಕಾಲು ಚಮಚ ಉಪ್ಪು, ನಾಲ್ಕೈದು ದೊಡ್ಡ ಚಮಚ ಎಣ್ಣೆ ಸಾಕು. ತಟ್ಟುವುದಕ್ಕೆ ಸ್ವಲ್ಪ ಎಣ್ಣೆಯನ್ನೂ ಬೇಯಿಸುವುದಕ್ಕೆ ತುಪ್ಪವನ್ನೂ ಬೇರೆಯಾಗಿ ಇಟ್ಟುಕೊಳ್ಳಬೇಕು. ಸಿಹಿ ಕಡಿಮೆ ಬೇಕಾದವರು ಬೆಲ್ಲವನ್ನು 200 ಗ್ರಾಂಗೆ ಇಳಿಸಬಹುದು. ಅದಕ್ಕಿಂತ ಕೆಳಗೆ ಇಳಿಸಿದರೆ ಬೇಳೆಯ ರುಚಿಯೇ ಮುಂದೆ ಬಂದು ಹೋಳಿಗೆ ಸಪ್ಪೆ ಎನಿಸುತ್ತದೆ.

ಕಣಕ

ಮೊದಲು ಕಲಸಬೇಕಾದದ್ದು ಕಣಕ, ಏಕೆಂದರೆ ಅದಕ್ಕೆ ಬೇಕಾದದ್ದು ಶ್ರಮಕ್ಕಿಂತ ಹೆಚ್ಚಾಗಿ ಸಮಯ. ಮೈದಾ, ಚಿರೋಟಿ ರವೆ, ಅರಿಶಿನ, ಉಪ್ಪುಗಳನ್ನು ಬೆರೆಸಿ, ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ಚಪಾತಿ ಹಿಟ್ಟಿಗಿಂತ ಸ್ಪಷ್ಟವಾಗಿ ಸಡಿಲವಾಗುವಂತೆ ಕಲಸಬೇಕು. ಈ ಅಳತೆಗೆ ಸುಮಾರು 130 ಮಿಲಿಲೀಟರ್ ನೀರು ಹಿಡಿಯುತ್ತದೆ, ಆದರೂ ಹಿಟ್ಟಿನಿಂದ ಹಿಟ್ಟಿಗೆ ವ್ಯತ್ಯಾಸವಿರುವುದರಿಂದ ಕೊನೆಯ ಎರಡು ಚಮಚವನ್ನು ಕೈಯ ಅಂದಾಜಿಗೇ ಬಿಡಬೇಕು. ಈ ಹಂತದಲ್ಲಿ ಹಿಟ್ಟು ಕೈಗೆ ಅಂಟಿಕೊಳ್ಳುತ್ತದೆ. ಹೊಸಬರು ಇಲ್ಲಿಯೇ ಹೆದರಿ ಇನ್ನೊಂದು ಹಿಡಿ ಮೈದಾ ಸುರಿಯುತ್ತಾರೆ, ಮತ್ತು ಹೋಳಿಗೆ ಗಟ್ಟಿಯಾಗುವ ದಾರಿ ಅಲ್ಲಿಂದಲೇ ಶುರುವಾಗುತ್ತದೆ. ಹಿಟ್ಟನ್ನು ಸೇರಿಸದೆ, ಒಂದೊಂದೇ ಚಮಚ ಎಣ್ಣೆ ಹಾಕಿಕೊಂಡು ಹತ್ತು ನಿಮಿಷ ಚೆನ್ನಾಗಿ ನಾದಿದರೆ ಅಂಟು ತಾನಾಗಿಯೇ ಬಿಟ್ಟು, ಕಣಕ ಎಳೆದಷ್ಟೂ ಬರುವ, ಹೊಳೆಯುವ ಮುದ್ದೆಯಾಗುತ್ತದೆ. ಹಿಂದೆ ಇದನ್ನು ಕಲ್ಲಿನ ಮೇಲೆ ಇಟ್ಟು ಕುಟ್ಟಿ ಹದಕ್ಕೆ ತರುತ್ತಿದ್ದರು. ಈಗ ಅಡುಗೆಮನೆಯ ಕಟ್ಟೆಯ ಮೇಲೆ ಎತ್ತಿ ಎತ್ತಿ ಬಡಿದರೂ ಆ ಕೆಲಸ ನಡೆಯುತ್ತದೆ.

ನಾದಿದ ಮುದ್ದೆಯ ಮೇಲೆ ಉಳಿದ ಎಣ್ಣೆಯನ್ನು ಸುರಿದು, ಮುಚ್ಚಳ ಮುಚ್ಚಿ, ಕಡಿಮೆಯೆಂದರೆ ಎರಡು ಗಂಟೆ ಬಿಡಬೇಕು. ನಾದುವಾಗ ಬಿಗಿಯಾದ ಗ್ಲುಟೆನ್ ಎಳೆಗಳು ಈ ಬಿಡುವಿನಲ್ಲಿ ಸಡಿಲಗೊಳ್ಳುತ್ತವೆ, ರವೆಯ ಕಣಗಳು ನಿಧಾನವಾಗಿ ನೀರು ಕುಡಿದು ಮೆತ್ತಗಾಗುತ್ತವೆ, ಮೇಲಿರುವ ಎಣ್ಣೆ ಕಣಕ ಒಣಗಿ ಪೊರೆಗಟ್ಟದಂತೆ ಕಾಯುತ್ತದೆ. ಕಲಸಿದ ತಕ್ಷಣ ತಟ್ಟಲು ಹೊರಟರೆ ಕಣಕ ರಬ್ಬರಿನಂತೆ ಹಿಂದಕ್ಕೆ ಎಳೆದುಕೊಳ್ಳುವುದನ್ನು ನೀವೇ ನೋಡಬಹುದು. ಮೈದಾ ಬೇಡವೆನ್ನುವವರು ಗೋಧಿ ಹಿಟ್ಟನ್ನು ತೆಳುವಾದ ಬಟ್ಟೆಯಲ್ಲಿ ಜಾಲಿಸಿ ತೌಡು ತೆಗೆದು ಬಳಸಬಹುದು; ತೌಡಿನ ಚೂರುಗಳು ಎಳೆಗಳನ್ನು ಕತ್ತರಿಸುವುದರಿಂದ, ಜಾಲಿಸದ ಹಿಟ್ಟಿನ ಕಣಕ ಬೇಗ ಹರಿಯುತ್ತದೆ.

ಬೇಳೆ

ಕಣಕ ನೆನೆಯುತ್ತಿರುವಾಗ ಬೇಳೆಯನ್ನು ತೊಳೆದು ಅರ್ಧ ಗಂಟೆ ನೆನೆಸಿ, ಅಗಲವಾದ ಪಾತ್ರೆಯಲ್ಲಿ ಸುಮಾರು ಒಂದೂವರೆ ಲೀಟರ್ ನೀರು ಕುದಿಸಿ ಅದಕ್ಕೆ ಹಾಕಬೇಕು. ಒಂದು ಚಮಚ ಎಣ್ಣೆ ಹಾಕಿದರೆ ನೊರೆ ಉಕ್ಕುವುದು ಕಡಿಮೆಯಾಗುತ್ತದೆ. ಪ್ರೆಷರ್ ಕುಕ್ಕರ್ ಇಲ್ಲಿ ನೆರವಿಗಿಂತ ತೊಂದರೆಯೇ ಹೆಚ್ಚು. ಹಬ್ಬದ ದಿನ ಸಮಯ ಉಳಿಸಲು ಹೋಗಿ ನಾನೊಮ್ಮೆ ಮೂರು ಕೂಗು ಕೂಗಿಸಿದೆ. ಮುಚ್ಚಳ ತೆಗೆದಾಗ ಬೇಳೆ ಪೂರ್ತಿ ಕರಗಿ ಗಂಜಿಯಾಗಿತ್ತು, ಬಸಿಯಲು ನೀರೂ ಇರಲಿಲ್ಲ, ಸೋಸಲು ಕಾಳೂ ಇರಲಿಲ್ಲ. ಅದನ್ನು ಒಲೆಯ ಮೇಲೆ ಮತ್ತೆ ಗಟ್ಟಿಯಾಗಿಸಲು ಹಿಡಿದ ಒಂದು ಗಂಟೆಯಲ್ಲಿ ತೆರೆದ ಪಾತ್ರೆಯಲ್ಲಿ ಎರಡು ಸಲ ಬೇಳೆ ಬೇಯಿಸಬಹುದಿತ್ತು.

ಬೇಳೆ ಬೆಂದಿದೆಯೇ ಎಂದು ತಿಳಿಯಲು ಒಂದು ಕಾಳನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಸುಕಬೇಕು: ಹೊರಗಿನ ಆಕಾರ ಉಳಿದಿರಬೇಕು, ಒತ್ತಿದ ಕೂಡಲೇ ಹಿಟ್ಟಾಗಬೇಕು, ನಡುವೆ ಬಿಳಿಯ ಚುಕ್ಕೆಯಂತೆ ಗಟ್ಟಿ ತಿರುಳು ಇರಬಾರದು. ಬೇಳೆ ಹೀಗೆ ಪೂರ್ತಿ ಬೇಯುವ ಮೊದಲು ಬೆಲ್ಲ ಹಾಕಲೇಬಾರದು. ಬೆಲ್ಲದಲ್ಲಿರುವ ಸಕ್ಕರೆ ಮತ್ತು ಸುಣ್ಣದ ಅಂಶ ಬೇಳೆ ಮೆತ್ತಗಾಗುವುದನ್ನು ತಡೆಯುವುದರಿಂದ, ಅರೆಬೆಂದ ಬೇಳೆ ಆಮೇಲೆ ಎಷ್ಟು ಹೊತ್ತು ಕುದಿಸಿದರೂ ಬೇಯದೆ ಉಳಿದು, ರುಬ್ಬಿದ ಮೇಲೂ ಹೂರಣದಲ್ಲಿ ತರಿತರಿಯಾಗಿ ಸಿಗುತ್ತದೆ. ಅಂತಹ ಒಂದು ತರಿ ಸಾಕು, ತಟ್ಟುವಾಗ ಕಣಕವನ್ನು ತೂತು ಮಾಡಲು. ಕಡಲೆ ಬೇಳೆ ಬಳಸುವವರು ಎರಡು ಗಂಟೆ ನೆನೆಸಬೇಕು, ಬೇಯಲು ತೊಗರಿಗಿಂತ ಬಹಳ ಹೆಚ್ಚು ಹೊತ್ತು ಹಿಡಿಯುತ್ತದೆ ಎಂಬುದನ್ನು ನೆನಪಿನಲ್ಲಿಡಬೇಕು.

ಬೆಂದ ಬೇಳೆಯನ್ನು ತೂತಿನ ಪಾತ್ರೆಗೆ ಸುರಿದು ನೀರು ಬಸಿಯಬೇಕು. ಬಸಿದು ಬಂದ ನೀರೇ ಕಟ್ಟು. ಅದನ್ನು ಚೆಲ್ಲಬಾರದು, ಅದರ ಉಪಯೋಗ ಕೊನೆಯಲ್ಲಿದೆ. ಬೇಳೆಯನ್ನು ಹತ್ತು ನಿಮಿಷ ಹಾಗೆಯೇ ಬಿಟ್ಟು, ನಡುನಡುವೆ ಮೆಲ್ಲಗೆ ಅಲುಗಾಡಿಸಿ, ಹನಿ ನಿಂತಿದೆಯೆಂದು ಖಚಿತಪಡಿಸಿಕೊಳ್ಳಬೇಕು. ಇಲ್ಲಿ ಉಳಿಸಿದ ನೀರಿನ ಪ್ರತಿಯೊಂದು ಚಮಚವನ್ನೂ ಮುಂದೆ ಒಲೆಯ ಮುಂದೆ ನಿಂತು, ಕೈನೋಯಿಸಿಕೊಂಡು ಆರಿಸಬೇಕಾಗುತ್ತದೆ.

ಹೂರಣ

ಬೆಲ್ಲದಲ್ಲಿ ಮಣ್ಣು, ಕಬ್ಬಿನ ಸಿಪ್ಪೆಯ ಚೂರು ಇರುವುದು ಸಾಮಾನ್ಯವಾದ್ದರಿಂದ ಅದನ್ನು ಪುಡಿ ಮಾಡಿ ಕಾಲು ಲೋಟ ನೀರಿನಲ್ಲಿ ಕರಗಿಸಿ ಸೋಸಿಕೊಳ್ಳುವುದು ಒಳ್ಳೆಯದು. ಹೊಂಬಣ್ಣದ ಬೆಲ್ಲಕ್ಕಿಂತ ಕಂದು ಬಣ್ಣದ ಬೆಲ್ಲದಲ್ಲಿ ಹೂರಣದ ಪರಿಮಳ ಚೆನ್ನ. ಬಣ್ಣ ತಿಳಿಯಾಗಿರಲೆಂದು ಬೆಲ್ಲ ಕಾಯಿಸುವಾಗ ಹೈಡ್ರೋಸ್ ಎಂಬ ಬಿಳುಪು ಮಾಡುವ ರಾಸಾಯನಿಕ ಹಾಕುವ ಪದ್ಧತಿ ಇರುವುದರಿಂದ ತೀರ ಬೆಳ್ಳಗಿನ ಅಚ್ಚನ್ನು ನಾನಂತೂ ಕೊಳ್ಳುವುದಿಲ್ಲ. ಕರಗಿದ ಬೆಲ್ಲವನ್ನು ದಪ್ಪ ತಳದ ಬಾಣಲೆಯಲ್ಲಿ ಒಂದು ಕುದಿ ಬರಿಸಿ, ಪಾಕವಾಗಲು ಬಿಡದೆ, ಕೂಡಲೇ ಬಸಿದ ಬೇಳೆ ಮತ್ತು ಕಾಯಿತುರಿಯನ್ನು ಸೇರಿಸಬೇಕು. ಬೆಲ್ಲ ಪಾಕಕ್ಕೆ ಏರಿದರೆ ಬಿಸಿಯಲ್ಲಿ ಮೆದುವಾಗಿ ಕಂಡ ಹೂರಣ ಆರಿದ ಮೇಲೆ ಚಿಕ್ಕಿಯಂತೆ ಬಿರುಸಾಗುತ್ತದೆ.

ಬೇಳೆಗೆ ಬೆಲ್ಲ ಬೆರೆತ ಕೂಡಲೇ ಅದು ಮತ್ತೆ ನೀರು ಬಿಟ್ಟು ಸಡಿಲವಾಗುತ್ತದೆ. ಇದನ್ನು ಕಂಡು ಗಾಬರಿಯಾಗಬೇಕಿಲ್ಲ. ಮಧ್ಯಮ ಉರಿಯಲ್ಲಿ ತಳ ಹಿಡಿಯದಂತೆ ಕೈಯಾಡಿಸುತ್ತಿದ್ದರೆ ಮೊದಲು ನೊರೆ ಬರುತ್ತದೆ, ಆಮೇಲೆ ದೊಡ್ಡ ಗುಳ್ಳೆಗಳು ಸಿಡಿಯತೊಡಗುತ್ತವೆ. ಈ ಹಂತದಲ್ಲಿ ಉದ್ದ ಹಿಡಿಯ ಸಟ್ಟುಗವನ್ನೇ ಬಳಸುವುದು ಲೇಸು, ಏಕೆಂದರೆ ಸಿಡಿದ ಬೆಲ್ಲ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಕೊನೆಗೆ ಮಿಶ್ರಣ ಬಾಣಲೆಯ ಅಂಚು ಬಿಟ್ಟು ಒಂದಾಗಿ ಹೊರಳುತ್ತದೆ. ನಡುವೆ ನೆಟ್ಟ ಸಟ್ಟುಗ ವಾಲದೆ ನಿಂತರೆ ಇಳಿಸುವ ಸಮಯ ಬಂದಿದೆಯೆಂದು ಅರ್ಥ. ಇನ್ನೂ ಕೊಂಚ ಸಡಿಲವೆನಿಸುವಾಗಲೇ ಇಳಿಸಿದರೂ ತಪ್ಪಿಲ್ಲ, ಏಕೆಂದರೆ ಆರಿದಾಗ ಹೂರಣ ಖಂಡಿತವಾಗಿ ಒಂದು ಹದ ಗಟ್ಟಿಯಾಗುತ್ತದೆ. ಬಿಸಿಯಲ್ಲೇ ಉಂಡೆ ಕಟ್ಟುವಷ್ಟು ಆರಿಸಿದವರು ಆಮೇಲೆ ಪುಡಿ ಹೂರಣದೊಂದಿಗೆ ಗುದ್ದಾಡಬೇಕಾಗುತ್ತದೆ.

ಬೆಚ್ಚಗಿರುವಾಗಲೇ ಏಲಕ್ಕಿ, ಉಪ್ಪು ಸೇರಿಸಿ ನುಣ್ಣಗೆ ರುಬ್ಬಬೇಕು. ಒರಳು ಅಥವಾ ಗ್ರೈಂಡರಿನಲ್ಲಿ ರುಬ್ಬಿದ ಹೂರಣದ ನಯ ಮಿಕ್ಸಿಯಲ್ಲಿ ಬರುವುದು ಕಷ್ಟ. ಆದರೂ ಚಿಕ್ಕ ಜಾರಿನಲ್ಲಿ ಎರಡು ಮೂರು ಹಿಡಿಯಂತೆ ಹಾಕಿ, ಬಿಟ್ಟು ಬಿಟ್ಟು ತಿರುಗಿಸಿ, ನಡುವೆ ಚಮಚದಿಂದ ಕೆದಕಿ ಕೊಟ್ಟರೆ ಸಾಕಷ್ಟು ನುಣುಪು ಬರುತ್ತದೆ. ಬ್ಲೇಡು ತಿರುಗಲಿಲ್ಲವೆಂದು ಒಂದು ಹನಿ ನೀರನ್ನೂ ಹಾಕಬಾರದು. ರುಬ್ಬಿದ ಹೂರಣ ಪೂರ್ತಿ ಆರಿದ ಮೇಲೆ ಅದರಿಂದ ಒಂದು ಉಂಡೆ ಕಟ್ಟಿ, ನೆನೆದ ಕಣಕದಿಂದ ಇನ್ನೊಂದು ಉಂಡೆ ಮಾಡಿ, ಎರಡನ್ನೂ ಅಕ್ಕಪಕ್ಕ ಇಟ್ಟು ಒಂದೊಂದು ಬೆರಳಿನಿಂದ ಸಮನಾಗಿ ಒತ್ತಿ ನೋಡಬೇಕು. ಬೆರಳು ಎರಡರಲ್ಲೂ ಒಂದೇ ಆಳಕ್ಕೆ ಇಳಿದರೆ ಅರ್ಧ ಹೋಳಿಗೆ ಆದಂತೆಯೇ. ಕಣಕವು ಕೂದಲೆಳೆಯಷ್ಟು ಮೆದುವಾಗಿದ್ದರೆ ಅಡ್ಡಿಯಿಲ್ಲ, ಹೂರಣ ಮೆದುವಾಗಿದ್ದರೆ ಮಾತ್ರ ಸರಿಪಡಿಸದೆ ಮುಂದುವರಿಯಬಾರದು.

ಸರಿಪಡಿಸುವ ದಾರಿಗಳಿವೆ. ಹೂರಣ ಸಡಿಲವಾಗಿದ್ದರೆ ಒಂದು ಚಮಚ ತುಪ್ಪದೊಂದಿಗೆ ಮತ್ತೆ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಕೆದಕುವುದು ಮೊದಲನೆಯದು ಮತ್ತು ಉತ್ತಮವಾದದ್ದು. ಅಷ್ಟು ಸಮಯವಿಲ್ಲದಿದ್ದರೆ ಒಣ ಹತ್ತಿ ಬಟ್ಟೆಯ ಮೇಲೆ ಇಪ್ಪತ್ತು ನಿಮಿಷ ಹರಡಿದರೆ ಬಟ್ಟೆ ತೇವವನ್ನು ಹೀರಿಕೊಳ್ಳುತ್ತದೆ. ಹುರಿಗಡಲೆಯ ಪುಡಿಯನ್ನು ಒಂದೆರಡು ಚಮಚ ಬೆರೆಸುವವರೂ ಇದ್ದಾರೆ. ಕೆಲಸವೇನೋ ಆಗುತ್ತದೆ, ಆದರೆ ನಾಲಿಗೆ ಅದನ್ನು ಗುರುತಿಸುತ್ತದೆ. ಹೂರಣ ಗಟ್ಟಿಯಾಗಿ ಬಿರುಕು ಬಿಡುತ್ತಿದ್ದರೆ ಒಂದೊಂದೇ ಚಮಚ ಬಿಸಿ ಹಾಲನ್ನೋ ಕಟ್ಟನ್ನೋ ಚಿಮುಕಿಸಿ ನಾದಬೇಕು. ಗಟ್ಟಿ ಕಣಕಕ್ಕೆ ಕೈಯನ್ನು ನೀರಿನಲ್ಲಿ ಅದ್ದಿ ಅದ್ದಿ ನಾದಿ, ಇನ್ನಷ್ಟು ಎಣ್ಣೆ ಹಾಕಿ ಮತ್ತೆ ಅರ್ಧ ಗಂಟೆ ಬಿಡುವುದೊಂದೇ ಪರಿಹಾರ.

ತಟ್ಟುವುದು ಮತ್ತು ಬೇಯಿಸುವುದು

ಹೂರಣವನ್ನು ದೊಡ್ಡ ನಿಂಬೆಹಣ್ಣಿನ ಗಾತ್ರದ ಉಂಡೆಗಳನ್ನಾಗಿ ಮಾಡಿಕೊಂಡು, ಅದರ ಅರ್ಧದಷ್ಟು ಕಣಕವನ್ನು ಒಂದೊಂದಕ್ಕೂ ತೆಗೆದುಕೊಳ್ಳಬೇಕು. ಬಾಳೆ ಎಲೆಯ ತುಂಡನ್ನು ಉರಿಯ ಮೇಲೆ ಕ್ಷಣಕಾಲ ಆಡಿಸಿ ಬಾಡಿಸಿದರೆ ಅದು ಸೀಳುವುದಿಲ್ಲ. ಎಲೆ ಸಿಗದವರು ಬೆಣ್ಣೆ ಕಾಗದವನ್ನು ಬಳಸಬಹುದು. ಎಣ್ಣೆ ಪ್ಯಾಕೆಟ್ಟಿನ ಹಾಳೆಯ ಮೇಲೂ ತಟ್ಟುತ್ತಾರೆ, ಆದರೆ ಪ್ಲಾಸ್ಟಿಕ್ಕನ್ನು ಬಿಸಿ ಕಾವಲಿಯ ಹತ್ತಿರಕ್ಕೂ ಒಯ್ಯಬಾರದು, ಹೋಳಿಗೆಯನ್ನು ಅಂಗೈಗೆ ಮಗುಚಿಕೊಂಡೇ ಕಾವಲಿಗೆ ಹಾಕಬೇಕು.

ಎಣ್ಣೆ ಸವರಿದ ಬೆರಳುಗಳ ಮೇಲೆ ಕಣಕವನ್ನು ಅಂಗೈಯಗಲ ಹರಡುವಾಗ ನಡುವೆ ದಪ್ಪವಾಗಿಯೂ ಅಂಚಿನಲ್ಲಿ ತೆಳುವಾಗಿಯೂ ಇರುವಂತೆ ನೋಡಿಕೊಳ್ಳಬೇಕು, ಏಕೆಂದರೆ ಅಂಚುಗಳೆಲ್ಲ ಮೇಲೆ ಬಂದು ಸೇರುವಾಗ ಆ ಭಾಗ ತಾನಾಗಿ ದಪ್ಪವಾಗುತ್ತದೆ. ನಡುವೆ ಹೂರಣದ ಉಂಡೆಯನ್ನಿಟ್ಟು, ಅಂಚನ್ನು ಸುತ್ತಲಿಂದ ಎಳೆದು ತಂದು ಮುಚ್ಚಿ, ಹೆಚ್ಚಾದ ಕಣಕದ ತುದಿಯನ್ನು ಚಿವುಟಿ ತೆಗೆಯಬೇಕು. ಮುಚ್ಚಿದ ಭಾಗ ಕೆಳಗೆ ಬರುವಂತೆ ಎಲೆಯ ಮೇಲಿಟ್ಟು, ನಡುವಿನಿಂದ ಹೊರಕ್ಕೆ ಬೆರಳ ತುದಿಗಳಿಂದ ಒತ್ತುತ್ತಾ, ಎಲೆಯನ್ನು ತಿರುಗಿಸುತ್ತಾ ತಟ್ಟಬೇಕು. ಮೊದಲ ಹೋಳಿಗೆಯನ್ನು ತೀರ ತೆಳ್ಳಗೆ ಮಾಡಲು ಹೋಗಬೇಡಿ. ಅಂಗೈಗಿಂತ ತುಸು ದೊಡ್ಡದಾಗಿ ತಟ್ಟಿ ಬೇಯಿಸಿ, ಹದ ನೋಡಿಕೊಂಡು ಮುಂದಿನದನ್ನು ದೊಡ್ಡದು ಮಾಡಿ. ಎಲ್ಲಾದರೂ ಹರಿದರೆ ಚಿವುಟಿ ತೆಗೆದಿಟ್ಟ ಕಣಕದ ಚೂರಿಗೆ ಎಣ್ಣೆ ಹಚ್ಚಿ ಅಲ್ಲಿ ತೇಪೆ ಹಾಕಬಹುದು, ಬೆಂದ ಮೇಲೆ ಯಾರಿಗೂ ಕಾಣುವುದಿಲ್ಲ.

ಕಬ್ಬಿಣದ ಕಾವಲಿಯನ್ನು ಮಧ್ಯಮ ಉರಿಯಲ್ಲಿ ಕಾಯಿಸಿ, ತುಪ್ಪ ಸವರಿ, ಎಲೆಯ ಸಮೇತ ಹೋಳಿಗೆಯನ್ನು ಮಗುಚಿ ಹಾಕಿದರೆ ಅರೆ ನಿಮಿಷದಲ್ಲಿ ಎಲೆ ಸಲೀಸಾಗಿ ಬಿಟ್ಟುಬರುತ್ತದೆ. ಬಿಡದಿದ್ದರೆ ಎಳೆಯದೆ ಇನ್ನೂ ಸ್ವಲ್ಪ ಕಾಯಬೇಕು. ಕೆಳಭಾಗದಲ್ಲಿ ಹೊಂಬಣ್ಣದ ಚುಕ್ಕೆಗಳು ಮೂಡಿದಾಗ ಸಟ್ಟುಗವನ್ನು ನಡುವಿನವರೆಗೂ ತೂರಿಸಿ ಒಮ್ಮೆಗೇ ತಿರುವಿ, ಅಂಚಿಗೆ ಒಂದು ಚಮಚ ತುಪ್ಪ ಬಿಟ್ಟು ಇನ್ನೊಂದು ಬದಿ ಬೇಯಿಸಬೇಕು. ಪ್ರತಿ ಬದಿಗೆ ಒಂದರಿಂದ ಒಂದೂವರೆ ನಿಮಿಷ ಸಾಕು. ಉರಿ ಜೋರಾದರೆ ಹೊರಗೆ ಕಪ್ಪಾಗಿ ಒಳಗೆ ಕಣಕ ಹಸಿಯಾಗಿರುತ್ತದೆ. ಉರಿ ತೀರ ಸಣ್ಣದಾದರೆ ಬಣ್ಣ ಬರುವುದಕ್ಕೇ ಬಹಳ ಹೊತ್ತಾಗಿ ಅಷ್ಟರಲ್ಲಿ ಹೋಳಿಗೆ ಒಣಗಿ ಸೊಟ್ಟಗಾಗುತ್ತದೆ. ಹಪ್ಪಳದಂತೆ ಆಯಿತು ಎಂದು ದೂರುವವರ ಮನೆಯಲ್ಲಿ ನಡೆದಿರುವುದು ಹೆಚ್ಚಾಗಿ ಇದೇ. ಪ್ರತಿ ಹೋಳಿಗೆಯ ನಂತರ ಕಾವಲಿಯನ್ನು ಒಣ ಬಟ್ಟೆಯಿಂದ ಒರೆಸಿಕೊಂಡರೆ ಹಿಂದಿನ ಹೋಳಿಗೆಯ ಕರಿ ಮುಂದಿನದಕ್ಕೆ ಅಂಟುವುದಿಲ್ಲ.

ಬೆಂದ ಹೋಳಿಗೆಗಳನ್ನು ಒಂದರ ಮೇಲೊಂದು ಪೇರಿಸದೆ, ಒಣ ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಹರಡಬೇಕು. ಬಿಸಿಯಲ್ಲೇ ಡಬ್ಬಿಗೆ ತುಂಬಿದರೆ ಹಬೆ ನೀರಾಗಿ ಇಳಿದು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಬೇಗ ಹಳಸುತ್ತವೆ. ಹಸಿ ಕಾಯಿ ಹಾಕಿದ ಬೇಳೆ ಹೋಳಿಗೆಯನ್ನು ಹೊರಗೆ ಒಂದು ದಿನಕ್ಕಿಂತ ಹೆಚ್ಚು ಇಡದಿರುವುದು ಕ್ಷೇಮ, ಬೇಸಿಗೆಯಲ್ಲಂತೂ ರಾತ್ರಿಗೇ ಫ್ರಿಜ್ಜಿಗೆ ಸೇರಿಸಬೇಕು. ಅಲ್ಲಿ ನಾಲ್ಕು ದಿನ ಕೆಡದೆ ಇರುತ್ತದೆ. ತಿನ್ನುವ ಮುನ್ನ ಕಾವಲಿಯ ಮೇಲೆ ತುಪ್ಪದಲ್ಲಿ ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ. ಹೂರಣ ಮಿಕ್ಕಿದರೆ ಅದನ್ನೂ ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಮರುದಿನ ಬಳಸಬಹುದು, ಆದರೆ ತಣ್ಣಗಿರುವಾಗಲೇ ತುಂಬಿದರೆ ಅದು ಕಣಕಕ್ಕಿಂತ ಗಟ್ಟಿಯಾಗಿರುವುದರಿಂದ ಮೊದಲೇ ತೆಗೆದು ಸಹಜ ಬಿಸಿಗೆ ತಂದುಕೊಳ್ಳಬೇಕು.

ಇನ್ನು ಆ ಕಟ್ಟು. ಅದರಲ್ಲಿ ಬೇಳೆಯ ಸಾರವೆಲ್ಲ ಇಳಿದಿರುತ್ತದೆ. ಒಂದು ಹಿಡಿ ಹೂರಣವನ್ನು ತುಂಬುವ ಮೊದಲೇ ತೆಗೆದಿಟ್ಟು, ಅದನ್ನು ಕಾಯಿತುರಿ, ಜೀರಿಗೆ, ಸಾರಿನ ಪುಡಿಯೊಂದಿಗೆ ರುಬ್ಬಿ, ನಿಂಬೆಗಾತ್ರದ ಹುಣಸೆಹಣ್ಣಿನ ರಸ ಮತ್ತು ಉಪ್ಪಿನೊಡನೆ ಕಟ್ಟಿಗೆ ಬೆರೆಸಿ ಚೆನ್ನಾಗಿ ಕುದಿಸಿದರೆ ಒಬ್ಬಟ್ಟಿನ ಸಾರು ಸಿದ್ಧವಾಗುತ್ತದೆ. ಸಾಸಿವೆ, ಇಂಗು, ಕರಿಬೇವು, ಒಣಮೆಣಸಿನಕಾಯಿಯ ಒಗ್ಗರಣೆಯನ್ನು ತುಪ್ಪದಲ್ಲಿ ಕೊಡಬೇಕು. ಖಾರ, ಹುಳಿ, ಸಿಹಿ ಮೂರೂ ಸ್ವಲ್ಪ ಮುಂದಾಗಿಯೇ ಇರಲಿ, ಅನ್ನಕ್ಕೆ ಕಲಸಿದಾಗ ಅದು ಸರಿಹೋಗುತ್ತದೆ. ಈ ಸಾರನ್ನು ಮಾಡಿದ ದಿನವೇ ಖಾಲಿ ಮಾಡದೆ ಒಂದು ಪಾತ್ರೆಯನ್ನಾದರೂ ಉಳಿಸಿ, ಮರುದಿನ ಇನ್ನೊಮ್ಮೆ ಕುದಿಸಿ ಬಡಿಸಿ ನೋಡಿ. ನಮ್ಮ ಮನೆಯಲ್ಲಿ ಹೋಳಿಗೆ ಮುಗಿದ ಮೇಲೂ ಜಗಳ ನಡೆಯುವುದು ಅದಕ್ಕಾಗಿಯೇ.